ಕಲ್ಲಿನ ಮೇಲಿನ ಹಾಲೆಂಡ್

ವೆಲ್‌ಬರ್ಗ್, ಅಯೋವಾ
9 ಸೆಪ್ಟೆಂಬರ್ 1955

ಮುದ್ದು ಲೋರ್ನಾ,

ನಿನ್ನ ಮೂರು ಪತ್ರಗಳೂ ಬಂದು ಮೇಜಿನ ಮೇಲೆ ಕೂತಿವೆ. ತಡವಾದದ್ದಕ್ಕೆ ಕ್ಷಮಿಸು. ಕಣ್ಣು ಮಂಜು ಎಂದು ನೆಪ ಹೇಳಬಹುದಿತ್ತು. ಆದರೆ ಅದೇ ಕಣ್ಣಿನಲ್ಲಿ ಈ ವಾರ ಎರಡು ಬುಟ್ಟಿ ಪ್ಲಮ್ ಹಣ್ಣಿನ ಬೀಜ ಬಿಡಿಸಿ ಜಾಮ್ ಮಾಡಿದ್ದೇನೆ. ಧೈರ್ಯವಾಗಲಿಲ್ಲ, ಅಷ್ಟೇ. ನಿನ್ನಪ್ಪನ ಕಾಲು ಹೇಗಿದೆ? ನನ್ನ ತಮ್ಮ ಮಾತು ಕೇಳುವವನಲ್ಲ, ನೀನೇ ಗದರಿಸಿ ಕೂರಿಸು.

ನಿನ್ನ ಮುತ್ತಜ್ಜಿ ಗೇಶೆಯ ಊರು ಹುಡುಕುತ್ತಾ ಎರಡು ವರ್ಷದಿಂದ ಹಾಲೆಂಡಿನ ಹನ್ನೊಂದು ಊರುಗಳಿಗೆ ಬರೆದೆ ಎಂದಿದ್ದೀಯ. ಇನ್ನು ಬರೆಯಬೇಡ ಮಗೂ. ಆಕೆ ಹಾಲೆಂಡಿನವಳಲ್ಲ. ಓಸ್ನಾಬ್ರುಕ್ ಹತ್ತಿರದ ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿನಲ್ಲಿ ಅಣ್ಣನ ಜೊತೆ ಹಡಗು ಹತ್ತಿದ ಜರ್ಮನ್ ಹುಡುಗಿ.

ಮಂಗಳವಾರ ಹಳೆ ಚರ್ಚಿಗೆ ಹೋಗಿದ್ದೆ. ಸಮಾಧಿ ಅಂಗಳ ನೋಡಿಕೊಳ್ಳುವ ಎಮಿಲ್ ಡೈಕ್ ಕಪಾಟಿನಿಂದ ದಫ್ತರ ತೆಗೆದುಕೊಟ್ಟ. ಅಂದಿನ ಪಾದ್ರಿಯ ಕೈಬರಹದಲ್ಲಿ ಹಳ್ಳಿಯ ಹೆಸರು ಸ್ಪಷ್ಟವಾಗಿದೆ. ಬೇರೆ ಚೀಟಿಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಆಮೇಲೆ ಇಬ್ಬರೂ ಹುಲ್ಲು ಸರಿಸುತ್ತಾ ಗೇಶೆಯ ಕಲ್ಲಿನ ಬಳಿ ಹೋದೆವು. ‘ಹುಟ್ಟಿದ್ದು ಹಾಲೆಂಡ್’ ಎಂದು ಕೆತ್ತಿದ್ದನ್ನು ಎಮಿಲ್ ಬೆರಳಿಟ್ಟು ಓದಿದ.

“ಪುಸ್ತಕ ಒಂದು ಹೇಳುತ್ತೆ, ಕಲ್ಲು ಇನ್ನೊಂದು ಹೇಳುತ್ತೆ. ಕೆತ್ತೋನು ಅವತ್ತು ಕುಡಿದಿದ್ನೋ ಏನೋ, ಟೀಚರಮ್ಮ,” ಅಂದ.

ನಕ್ಕು ಸುಮ್ಮನಾಗಬಹುದಿತ್ತು. “ಅವನ ತಪ್ಪಲ್ಲ ಎಮಿಲ್. ಚೀಟಿ ಬರ್ಕೊಟ್ಟಿದ್ದು ನಾನು,” ಅಂದೆ.

ಅದು 1918. ಜರ್ಮನಿಯ ಮೇಲೆ ನಮ್ಮ ಅಮೆರಿಕದ ಯುದ್ಧ ನಡೆದಿತ್ತು. ಅಂಗಡಿಯಲ್ಲಿ ಜರ್ಮನ್ ಮಾತಾಡಿದರೂ ದೂರು ಹೋಗುತ್ತಿತ್ತು. ಜರ್ಮನರದ್ದೆಂದು ನಮ್ಮ ಚರ್ಚಿನ ಬಾಗಿಲಿಗೆ ಯಾರೋ ದ್ರೋಹಿಗಳ ಗುರುತಿನ ಹಳದಿ ಬಣ್ಣ ಬಳಿದಿದ್ದರು. ನನಗೆ ಇಪ್ಪತ್ನಾಲ್ಕು, ಶಾಲೆಯ ಕೆಲಸ ಹೊಸದು. ಅಜ್ಜಿ ತೀರಿಕೊಂಡಾಗ ಹಾಲೆಂಡ್ ಎಂದು ಬರೆದುಕೊಟ್ಟೆ. ಅವಳ ಮಗ, ನಿನ್ನ ತಾತ, ಚೀಟಿ ಓದಿ ಮಡಚಿ ನನ್ನ ಕೈಗೇ ಕೊಟ್ಟರು. ಟೋಪಿ ಹಾಕಿಕೊಂಡು ಹೊರಗೆ ಹೋದರು.

ಎಮಿಲ್ ಬಹಳ ಹೊತ್ತು ಕಲ್ಲಿನ ಬುಡದ ಹುಲ್ಲು ಕೀಳುತ್ತಿದ್ದ. “ಡೀಕಾಫ್ ಅನ್ನೋ ಮನೆತನದ ಹೆಸರನ್ನ ನಮ್ಮಪ್ಪನೂ ಆಗಲೇ ಡೈಕ್ ಮಾಡಿದ್ರು. ನೀವು ಊರೊಂದು ತಿದ್ದಿದ್ರಿ,” ಅಂದ. ನನ್ನ ಸಮಾಧಾನಕ್ಕೆ ಹೇಳಿದ್ದು. ಆದರೂ ಅವನ ಮುಖ ನೋಡಲಾಗಲಿಲ್ಲ.

ಕಲ್ಲು ತಿದ್ದಿಸಲು ಹೇಳಿ ಬಂದಿದ್ದೇನೆ. ನೀನು ಬಂದು ನೋಡು. ಬೈಯಬೇಕೆನಿಸಿದರೆ ಎದುರಿಗೇ ಬೈದುಬಿಡು. ನಿನ್ನನ್ನೂ ಮಕ್ಕಳನ್ನೂ ದೇವರು ತಣ್ಣಗಿಟ್ಟಿರಲಿ.

ನಿನ್ನ
ಟಿಲ್ಲಿ ಅತ್ತೆ

ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಅಜ್ಜಿ ಹೋದ ಮಧ್ಯಾಹ್ನ ಶಾಲಾ ಸಮಿತಿಯ ಇಬ್ಬರು ಹೆಂಗಸರು ನೋಡಲು ಬಂದಿದ್ದರು. ಅಜ್ಜಿ ನನ್ನ ಕಡೆ ತಿರುಗಿ ಜರ್ಮನ್‌ನಲ್ಲಿ ಒಂದು ಮಾತು ಅಂದಳು. ಏನಂತೆ ಎಂದು ಅವರು ಕೇಳಿದರು. “ನಂಗೆ ಆ ಭಾಷೆ ಬರಲ್ಲ,” ಅಂದೆ. ಅಷ್ಟು ಇಂಗ್ಲಿಷ್ ಅಜ್ಜಿಗೆ ತಿಳಿಯುತ್ತಿತ್ತು. ಅವಳು ಅಂದಿದ್ದು, “ಕೈ ಹಿಡ್ಕೋ, ಪುಟ್ಟಿ.” ಅವರಿಗೆ ಕಾಫಿ ಕೊಟ್ಟು, ಬಾಗಿಲವರೆಗೆ ಕಳಿಸಿ ಬಂದು ಹಿಡಿದೆ. ಕೈ ಬೆಚ್ಚಗೇ ಇತ್ತು. ಅಜ್ಜಿ ಇರಲಿಲ್ಲ.