ಅಂಗಿ ಕೊಡವುವ ಹೊತ್ತು

ಹಾಸ್ಟೆಲ್, ಮೇಲಿನ ಮಹಡಿ
ಜುಲೈ ೧೪, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ ಅಂದುಕೋ. ಮೆಟ್ಟಿಲು ಹತ್ತುವಾಗ ನಡುವೆ ಕೂತು ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಈಗಲೂ ಇದೆಯಾ? ನಿನ್ನ ಚಪ್ಪಲಿಯಲ್ಲಿ ಸರಿಮಾಡುವಂಥದ್ದು ಏನೂ ಇಲ್ಲವೆಂದು ನನಗೂ ಗೊತ್ತು. ಫೋನಿನಲ್ಲಿ ಕೇಳಿದರೆ ನಕ್ಕು ಮಾತು ಮರೆಸುತ್ತೀ, ಅದಕ್ಕೇ ಈ ಕಾಗದ. ಚಿಕ್ಕಂದಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳು, ಅರ್ಧ ಇಂಗ್ಲಿಷ್ ಬಂದೇ ಬರುತ್ತದೆ, ಬೈಯಬೇಡ.

ಗುರುವಾರ ಜಿಯಾಲಜಿ ಕ್ಲಾಸಿನಲ್ಲಿ ಲೆಕ್ಚರರ್ ಒಂದು ಟರ್ಮ್ ಕೊಟ್ಟರು: ಸಿಲಿಸಿಯಸ್. ಸಿಲಿಕಾ ಹೆಚ್ಚಾಗಿರುವ ಕಲ್ಲು, ಮರಳು, ಮಣ್ಣು, ಯಾವುದಕ್ಕಾದರೂ ಹಾಗೆನ್ನಬಹುದಂತೆ. 'ಉದಾಹರಣೆ ಯಾರು ಕೊಡ್ತೀರಿ?' ಅಂದಾಗ ಎಲ್ಲರೂ ತಲೆ ತಗ್ಗಿಸಿದರು. ಬಾಯಿ ಬಿಡಲು ಹೆದರುವ ನಾನೇ ಎದ್ದು ನಿಂತೆ. ನೀನು ಕೊಟ್ಟ ಬಿಳಿಕಲ್ಲಿನ ಚೂರು ಪೆನ್ಸಿಲ್ ಬಾಕ್ಸಿನಲ್ಲೇ ಇತ್ತಲ್ಲ, ಅದರಿಂದ ಗಾಜಿನ ಮೇಲೆ ಗೀಚಿದೆ. ಗೆರೆ ಬಿತ್ತು. ಇದರ ಪುಡಿ ಗಾಜಿಗೆ, ಟೈಲ್ಸಿಗೆ, ಕುಲುಮೆಯ ಇಟ್ಟಿಗೆಗೆ ಹೋಗುತ್ತದೆ, ನಮ್ಮಪ್ಪ ಮಿಲ್ಲಿನಲ್ಲಿ ಅದನ್ನು ಜರಡಿ ಹಿಡಿಯುತ್ತಾರೆ ಎಂದೆ. 'ಭೇಷ್, ಮನೆಯಲ್ಲೇ ಲ್ಯಾಬ್ ಇಟ್ಕೊಂಡಿದ್ದೀಯಲ್ಲಮ್ಮ' ಅಂದರು. ಆ ದಿನವೆಲ್ಲ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾರನೆಯ ದಿನ ಕಲ್ಲು ಕೊಯ್ಯುವ ಪ್ರಾಕ್ಟಿಕಲ್. ಅಲ್ಲಿ ಗರಗಸದ ಮೇಲೆ ನೀರು ಸುರಿಯುತ್ತಲೇ ಇರುತ್ತದೆ. 'ಸಿಲಿಸಿಯಸ್ ಅಂತ ಗೊತ್ತಾದ್ಮೇಲೆ ಒಣಗಿದ್ದನ್ನ ಕೊಯ್ಯಬಾರದು. ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ಅಲ್ಲೇ ಉಳಿಯುತ್ತೆ. ತೆಗೆಯೋ ಔಷಧಿ ಇಲ್ಲ' ಎಂದರು ಅದೇ ಲೆಕ್ಚರರ್. ಉಳಿದವರು ಬರೆದುಕೊಂಡರು. ನನ್ನ ಪೆನ್ನು ಓಡಲಿಲ್ಲ. ಒದ್ದೆ ಪುಡಿ ಜರಡಿಯಲ್ಲಿ ಇಳಿಯುವುದಿಲ್ಲ, ಹನಿ ನೀರು ಬಿದ್ದರೂ ಮೇಸ್ತ್ರಿ ಕೂಗಾಡುತ್ತಾನೆ ಎಂದು ನೀನೇ ಹೇಳುತ್ತಿದ್ದೆ. ನಾನು ರಜೆಗೆ ಬಂದಾಗ, ಸಂಜೆ ನೀನು ಬೆಳ್ಳಗೆ ಬರುವುದನ್ನು ಕಂಡು ಪಕ್ಕದ ಮನೆಯ ಟೈಲರ್, 'ಏನ್ ಮದುಮಗನೇ, ಪೌಡರ್ ಜಾಸ್ತಿ ಆಯ್ತಲ್ಲ' ಎಂದರೆ ನಾವೆಲ್ಲ ನಗುತ್ತಿದ್ದೆವು. ಅಮ್ಮ ನಿನ್ನ ಅಂಗಿ ಬಿಚ್ಚಿಸಿ ಬಾಗಿಲಲ್ಲಿ ನಿಂತು ಪಟಪಟ ಕೊಡವುತ್ತಿದ್ದಳು. ಬಿಸಿಲಿಗೆ ಆ ಪುಡಿ ಎಷ್ಟು ಚೆಂದ ಹೊಳೆಯುತ್ತಿತ್ತು!

'ಜರಡಿ ಹಿಡಿಯೋರು ಏನ್ಮಾಡ್ಬೇಕು ಸಾರ್?' ಎಂದು ಕೇಳಿದೆ. ಅವರಿಗೆ ಹಿಂದಿನ ದಿನ ನಾನು ಹೇಳಿದ್ದು ನೆನಪಾಯಿತೇನೋ, ನನ್ನ ಮುಖ ನೋಡಲಿಲ್ಲ. 'ಕೆಲಸ ಬಿಡಬೇಕಮ್ಮ' ಅಂದರು. ಆಮೇಲೆ 'ಬಿಟ್ರೂ...' ಎಂದವರು ನಲ್ಲಿ ನಿಲ್ಲಿಸಲು ಹೋದರು.

ಬಿಟ್ಟುಬಿಡು ಅಪ್ಪಾ ಎಂದು ಬರೆಯಲೇ ಕೂತದ್ದು. ಬಿಟ್ಟು ಏನು ಮಾಡುತ್ತೀ ಎಂಬ ಮುಂದಿನ ಸಾಲು ಬರುತ್ತಿಲ್ಲ. ಲೈಬ್ರರಿಯ ಪುಸ್ತಕಗಳಲ್ಲಿ ಈ ಕಲ್ಲಿನ ಬಳಕೆಯೇ ಪುಟಗಟ್ಟಲೆ ಇದೆ, ಗಾಜು, ಟೈಲ್ಸು, ಇಟ್ಟಿಗೆ. ನಿನ್ನ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಆ ಚೂರನ್ನು ಎಸೆಯೋಣವೆಂದು ಕಿಟಕಿಯ ತನಕ ಹೋದೆ. ನೀನು ಕೊಟ್ಟದ್ದು, ಕೈ ಬರಲಿಲ್ಲ.

ಮಾಸ್ಕ್ ಕಟ್ಟಿಕೋ. ಉಸಿರು ಕಟ್ಟುತ್ತೆ ಅನ್ನಬೇಡ. ಇಬ್ಬರಿಗೂ ನನ್ನ ನಮಸ್ಕಾರ.

ನಿನ್ನ
ಪುಕ್ಕಲಿ ಮಗಳು

ತಾ.ಕ.: ಅಮ್ಮ ಇನ್ನು ಅಂಗಿ ಕೊಡವುವುದು ಬೇಡ, ಇವತ್ತಿನಿಂದಲೇ. ನೀನೇ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಬಿಡು. ನಿನ್ನೆ ಫೋನ್ ಮಾಡಿದಾಗ ಕೆಮ್ಮು ಕೇಳಿ, ನಿನ್ನದೇ ಅಂದುಕೊಂಡು 'ಅಪ್ಪಾ' ಅಂದೆ. ಫೋನ್ ಹಿಡಿದಿದ್ದವಳು ಅಮ್ಮ.