ನೂರಕ್ಕೆ ಅರ್ಧ ಪಾಲು

ಮಾರ್ಚ್ 4, ಬೆಳಿಗ್ಗೆ 8.10

ನಮ್ಮ ರೇಡಿಯೋ ದೂರದರ್ಶಕದ ಹನ್ನೊಂದನೇ ಆಂಟೆನಾ ಮತ್ತೆ ಮುನಿಸಿಕೊಂಡಿದೆ. ರಿಪೇರಿಯವರಿಗೆ ಬರೆದು ಹಾಕಿದೆ. ಕಾಫಿ ಆರಿಹೋಯಿತು. ಮೇಲ್ ತೆಗೆದರೆ ಖಗೋಳ ಪತ್ರಿಕೆಯ ಸಂಪಾದಕಿ. ಒಂದು ಪೇಪರ್ ಪರಿಶೀಲಿಸಿ ಕೊಡುತ್ತೀರಾ, ನಿಮ್ಮ ಹೆಸರು ಗುಟ್ಟಾಗಿರುತ್ತದೆ, ಮೂರು ವಾರ ಸಮಯ. ಲೇಖಕರು ಒಬ್ಬರೇ. ಗೈಡು.

ನನ್ನ ಹಳೇ ಪಿಎಚ್‌ಡಿ ಗೈಡು! ಪೇಪರ್ ಒಂದು ನೀಹಾರಿಕೆಯ ಬಗ್ಗೆ. ಎಂಟು ವರ್ಷದ ಹಿಂದೆ ಅದರ ಮೊದಲ ರೇಡಿಯೋ ಮ್ಯಾಪ್ ಮಾಡಿದವಳು ನಾನು. ಆರು ತಿಂಗಳು ಕಣ್ಣು ಕಿತ್ತುಬರುವಷ್ಟು ಕೂತಿದ್ದೆ. ಆ ಮ್ಯಾಪಿನ ಪೇಪರ್ ಬಂದಾಗ ಅವರ ಹೆಸರೊಂದೇ. ಕೊನೆಯಲ್ಲಿ ‘ನೆರವಾದ ವಿದ್ಯಾರ್ಥಿಗಳಿಗೆ ಧನ್ಯವಾದ’. ವಿದ್ಯಾರ್ಥಿಗಳು ಎಲ್ಲಿಂದ ಬಂದರೋ, ಇದ್ದವಳು ನಾನೊಬ್ಬಳೇ. ಕೇಳಿದ್ದಕ್ಕೆ, “ಬಟನ್ ಒತ್ತಿದೋರಿಗೆಲ್ಲ ಹೆಸರು ಹಾಕೋಕಾಗುತ್ತೇನಮ್ಮಾ?” ಎಂದರು. ಪಿಎಚ್‌ಡಿ ಬೇರೆ ಕಡೆ ಹೋಗಿ ಮುಗಿಸಿದೆ. ಆ ಮಾತು ಇನ್ನೂ ಜೀರ್ಣವಾಗಿಲ್ಲ.

ಸಂಪಾದಕಿಯ ಫಾರಂನಲ್ಲಿ ಒಂದು ಪ್ರಶ್ನೆ — ಈ ಲೇಖಕರ ಜೊತೆ ಎಂದಾದರೂ ಪೇಪರ್ ಬರೆದಿದ್ದೀರಾ?

ಇಲ್ಲ. ಆಣೆ ಮಾಡಿ ಹೇಳಬಲ್ಲೆ. ಆ ಪುಣ್ಯಾತ್ಮರೇ ಹಾಗೆ ಮಾಡಿಟ್ಟಿದ್ದಾರೆ. ಒಪ್ಪಿಕೊಂಡೆ. ಜೋರಾಗಿ ನಕ್ಕುಬಿಟ್ಟೆನೇನೋ... ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

ಮಾರ್ಚ್ 5

ಪೇಪರ್ ಮೂರು ಸಲ ಓದಿದೆ. ಕೆಂಪು ಪೆನ್ನು ಖಾಲಿ. ಕಾಮಾ ಬಿಟ್ಟರೆ ಏನೂ ಸಿಗಲಿಲ್ಲ. ಹೊಟ್ಟೆ ಉರಿಯಿತು.

ಮಾರ್ಚ್ 7, ಸಂಜೆ

ಅಕ್ಕನ ಹೊಲಿಗೆ ಕೋಣೆಯಲ್ಲಿ ಕೂತಿದ್ದೆ. ಯಾರ ಮೇಲೆ ಹಲ್ಲು ಕಡೀತಿದ್ದೀಯಾ ಅಂದಳು. ಹೇಳಿದೆ. ಸಾಯುವ ನಕ್ಷತ್ರ ತನ್ನ ಅನಿಲವನ್ನೆಲ್ಲ ಹೊರಗೆ ಊದುತ್ತದೆ. ಆ ಗುಳ್ಳೆ ವರ್ಷ ವರ್ಷ ಹಿಗ್ಗುತ್ತದೆ. ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಎಂದು ಬೆಳಕು ಹೇಳುತ್ತದೆ. ಆಕಾಶದಲ್ಲಿ ನಮ್ಮ ಕಣ್ಣಿಗೆ ಎಷ್ಟು ಹಿಗ್ಗಿತು ಎಂದು ರೇಡಿಯೋ ಮ್ಯಾಪ್ ಹೇಳುತ್ತದೆ. ಎರಡೂ ಗೊತ್ತಾದರೆ ದೂರ ಗೊತ್ತಾಯಿತು. ಎಂಟು ವರ್ಷದ ಅಂತರದಲ್ಲಿ ಎರಡು ಮ್ಯಾಪ್. ಒಂದರಿಂದ ಇನ್ನೊಂದನ್ನು ಕಳೆಯಬೇಕು. ಗೈಡಿನ ಲೆಕ್ಕಕ್ಕೆ ಗುಳ್ಳೆ ನೂರಕ್ಕೆ ಒಂದು ಪಾಲು ಬೆಳೆದಿದೆಯಂತೆ, ದೂರ ಮೂರು ಸಾವಿರ ಜ್ಯೋತಿರ್ವರ್ಷವಂತೆ.

ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ಎರಡು ಸಲಾನೂ ಒಂದೇ ಟೇಪಾ?” ಎಂದಳು. “ನನ್ನ ಹಳೇ ಟೇಪು ಎಳೆದೆಳೆದು ಉದ್ದ ಆಗಿಬಿಟ್ಟಿತ್ತು ಕಣೇ. ಒಂದು ವರ್ಷ ಎಲ್ಲರ ಸೊಂಟಾನೂ ಸಣ್ಣ! ಹೊಸಾ ಟೇಪ್ ತಂದ್ಮೇಲೆ ಎಲ್ಲರೂ ದಪ್ಪ ಆಗ್ಬಿಟ್ರು. ಆಮೇಲೆ ಈ ಮೇಜು ಅಳೆದು ನೋಡ್ದೆ. ಮೇಜು ದಪ್ಪ ಆಗಲ್ವಲ್ಲ.”

ಮೇಜು. ಬೆಳೆಯದ್ದನ್ನು ಅಳೆಯಬೇಕು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮಾರ್ಚ್ 8, ಮಧ್ಯಾಹ್ನ 1.30

ಸಿಕ್ಕಿತು ಸಿಕ್ಕಿತು ಸಿಕ್ಕಿತು.

ಪೇಪರಿನಲ್ಲಿ ಚಿತ್ರದ ಅಂಚು ಕತ್ತರಿಸಿ ಗುಳ್ಳೆಯನ್ನಷ್ಟೇ ಇಟ್ಟಿದ್ದಾರೆ. ಪೂರ್ತಿ ಮ್ಯಾಪ್ ಎರಡನ್ನೂ ಆರ್ಕೈವ್‌ನಿಂದ ಇಳಿಸಿದೆ. ಮೂಲೆಯಲ್ಲಿ ಒಂದು ಚುಕ್ಕೆ — ಕೋಟಿ ಕೋಟಿ ಜ್ಯೋತಿರ್ವರ್ಷ ಆಚೆಯ ಯಾವುದೋ ಗ್ಯಾಲಕ್ಸಿ. ಅದು ಅಲುಗಬಾರದು. ಅಲುಗಿದೆ! ನಡುವಿನಿಂದ ಆಚೆಗೆ, ನೂರಕ್ಕೆ ಅರ್ಧ ಪಾಲು. ಎಂದರೆ ಒಂದು ಟೇಪು ಸುಳ್ಳು. ಬೆಳವಣಿಗೆಯಲ್ಲಿ ಅರ್ಧ ಸುಳ್ಳು. ಹಿಗ್ಗಿದ್ದು ಅರ್ಧವೇ ಆದರೆ ನಿಜವಾದ ದೂರ ದುಪ್ಪಟ್ಟು, ಆರು ಸಾವಿರ. ಹೊಸ ಮ್ಯಾಪನ್ನು ಅವಸರದಲ್ಲಿ ಮಾಡಿರಬೇಕು, ಬಟನ್ ಒತ್ತಲು ಯಾರೂ ಸಿಕ್ಕಿರಲಿಕ್ಕಿಲ್ಲ ಪಾಪ.

ಎಂಟು ವರ್ಷದಲ್ಲಿ ಇಷ್ಟು ರುಚಿಯಾದ ಊಟ ಮಾಡಿರಲಿಲ್ಲ. ಕ್ಯಾಂಟೀನಿನ ಅದೇ ಬೆಂದ ಆಲೂಗಡ್ಡೆ.

ಮಾರ್ಚ್ 12

ಗೈಡು ನಮ್ಮಲ್ಲಿಗೇ ಬಂದರು, ಇದೇ ನೀಹಾರಿಕೆಯ ಮೇಲೆ ಭಾಷಣ. ಸಭಾಂಗಣ ತುಂಬಿತ್ತು. ಕೂದಲು ಬೆಳ್ಳಗಾಗಿದೆ. ದರ್ಪ ಹಾಗೇ ಇದೆ. ಕೊನೆಯಲ್ಲಿ ಕೈ ಎತ್ತಿದೆ.

“ಸರ್, ಎರಡೂ ಮ್ಯಾಪ್ ಮಾಡಿದ್ದು ಯಾರು?”

“ಓ, ನೀನು ಇಲ್ಲಿದ್ದೀಯಾ? ಒಳ್ಳೇದಾಯ್ತು.” ನಗು. “ಎರಡೂ ನಾನೇ ಮಾಡಿದ್ದಮ್ಮ. ಒಂದೊಂದು ನಂಬರೂ ನಾನೇ ಟೈಪ್ ಮಾಡಿದ್ದು. ಇಂಥಾ ಕೆಲಸ ಇನ್ನೊಬ್ರ ಕೈಗೆ ಕೊಡೋಕಾಗಲ್ಲ.”

ನಮ್ಮ ವಿಭಾಗದ ಮುಖ್ಯಸ್ಥೆ ಪಕ್ಕದಲ್ಲೇ ಇದ್ದರು. ಎಲ್ಲರೂ ಕೇಳಿಸಿಕೊಂಡರು. ಥ್ಯಾಂಕ್ಯೂ ಸರ್ ಎಂದು ಕೂತೆ. ತಾನೇ ತೋಡಿದ ಗುಂಡಿ, ಸ್ವಲ್ಪ ತಳ್ಳಿದರೆ ಸಾಕು. ಯಾವ ನಂಬರ್ ತಪ್ಪು ಎಂದು ತೋರಿಸಿದರೆ ಆಯಿತು. ನಾಳೆ.

ಮಾರ್ಚ್ 13, ಬೆಳಿಗ್ಗೆ 10

ಹೊಸ ಮ್ಯಾಪ್ ಸರಿಯಾಗಿದೆ.

10.40

ಮತ್ತೆ ನೋಡಿದೆ. ಸರಿಯಾಗಿಯೇ ಇದೆ. ತಪ್ಪಿರುವುದು ಹಳೆಯದು. ನನ್ನದು.

ಫೈಲಿನೊಳಗೆ ಚರಿತ್ರೆ ಇರುತ್ತದೆ. ಯಾರು ಯಾವಾಗ ಏನು ಟೈಪ್ ಮಾಡಿದರು, ಎಲ್ಲ. ನೂರ ಹದಿನೇಳನೇ ಸಾಲು. ರೇಡಿಯೋ ಬ್ಯಾಂಡಿನ ನಡುವಿನ ಫ್ರೀಕ್ವೆನ್ಸಿ ಕೊಡಬೇಕಾದ ಕಡೆ ಮೇಲಿನ ಅಂಚಿನದು. ಅಷ್ಟಕ್ಕೇ ಇಡೀ ಚಿತ್ರ ನೂರಕ್ಕೆ ಅರ್ಧ ಪಾಲು ಕುಗ್ಗುತ್ತದೆ. ಟೈಪ್ ಮಾಡಿದವರ ಲಾಗಿನ್... ನನ್ನದು. ಆ ಫೈಲಿನ ತುಂಬ ನನ್ನದೇ.

ಮಾರ್ಚ್ 19

ಬರೆಯುವ ಮನಸ್ಸಿರಲಿಲ್ಲ. ನನ್ನ ಕೆಲಸವೇ ಬೇರೆಯವರ ದತ್ತಾಂಶದಲ್ಲಿ ಇಂಥ ತಪ್ಪು ಹಿಡಿಯುವುದು. ಈ ತಿಂಗಳ ಕೊನೆಗೆ ನನ್ನನ್ನು ಕೆಲಸದಲ್ಲಿ ಖಾಯಂ ಮಾಡುವ ಬಗ್ಗೆ ಮುಖ್ಯಸ್ಥೆ ನಿರ್ಧರಿಸಬೇಕು.

ಅಕ್ಕನಿಗೆ ಹೇಳಿದೆ. ಮಷೀನು ನಿಲ್ಲಿಸಲೂ ಇಲ್ಲ. “ಸುಮ್ನಿರು. ಆ ಫೈಲ್ ಯಾರು ತೆಗೆದು ನೋಡ್ತಾರೆ? ನಾನೇ ಮಾಡಿದ್ದು ಅಂತ ಅವನೇ ಎಲ್ಲರ ಮುಂದೆ ಹೇಳಿದ್ದಾನಲ್ಲ, ಅನುಭವಿಸ್ಲಿ. ಇರಲಾರದೆ ಇರುವೆ ಬಿಟ್ಕೋಬೇಡ.”

ಲೆಕ್ಕ ಸರಿಯೇ. ಅವರ ಹೆಸರು ಮಣ್ಣು ಮುಕ್ಕುತ್ತದೆ, ನನ್ನ ಮೈಮೇಲೆ ಒಂದು ಹನಿ ಕೆಸರೂ ಬೀಳುವುದಿಲ್ಲ. ಎಂಟು ವರ್ಷ ಬೇಡಿದ್ದು ಇದನ್ನೇ ತಾನೇ?

ಮಾರ್ಚ್ 22

‘ಲೇಖಕರ ತಪ್ಪು’ ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದೆ. ರಿಪೋರ್ಟಿನ ಉಳಿದದ್ದೆಲ್ಲ ಸಿದ್ಧ.

ಮಾರ್ಚ್ 25, ಬೆಳಿಗ್ಗೆ 9

ಕೊನೆಯ ದಿನ. ಮನಸ್ಸು ಗಟ್ಟಿಯಾಗಿದೆ. ಧರ್ಮರಾಯನಾಗಲು ಹೊರಟಿಲ್ಲ, ಕ್ಷಮಿಸಿಯೂ ಇಲ್ಲ. ಲೇಖಕರ ತಪ್ಪು ಎಂದು ಬರೆದರೆ ಅವನ ಒಂದು ಪೇಪರ್ ಕೈತಪ್ಪುತ್ತದೆ, ಅಷ್ಟೆ. ಯಾರಿಂದ ತಪ್ಪಾಗುವುದಿಲ್ಲ ಎಂದುಕೊಂಡು ಜನ ಅದನ್ನು ಮರೆತುಬಿಡುತ್ತಾರೆ. ಆ ಫೈಲ್ ಅವನದೇ ಆಗಿ ಉಳಿಯುತ್ತದೆ, ಶಾಶ್ವತವಾಗಿ. ನನ್ನ ಆರು ತಿಂಗಳನ್ನು ತಿಂದವನು ನನ್ನ ತಪ್ಪನ್ನೂ ತಿಂದು ಕೂರುತ್ತಾನೆ. ಕೊಡುವುದಿಲ್ಲ. ತಪ್ಪನ್ನೂ ಕೊಡುವುದಿಲ್ಲ ಅವನಿಗೆ. ಒಂದೊಂದು ನಂಬರೂ ನಾನೇ ಎಂದನಲ್ಲ, ತುಂಬಿದ ಸಭೆಯಲ್ಲಿ — ಆ ಸಾಲಿನ ಪಕ್ಕ ಯಾರ ಲಾಗಿನ್ ಇದೆ ಎಂದು ಎಲ್ಲರೂ ನೋಡಲಿ. ಮುಖ್ಯಸ್ಥೆಯೂ ನೋಡಲಿ. ಕೆಲಸ ಹೋದರೆ ಹೋಗಲಿ, ಅಕ್ಕನ ಬೈಗುಳ ಹೇಗೂ ಇದ್ದದ್ದೇ.

ಫಾರಂನ ಕೆಳಗೆ ‘ನನ್ನ ಹೆಸರು ತಿಳಿಸಬಹುದು’ ಎಂಬ ಚೌಕವಿದೆ. ಗುರುತು ಹಾಕಿದೆ. ಹೆಸರು ಪೂರ್ತಿ ಟೈಪ್ ಮಾಡಿದೆ, ಇನಿಷಿಯಲ್ ಸಮೇತ.

ಕಳಿಸುವ ಮೊದಲು ಆ ಸಾಲನ್ನು ಇಲ್ಲೂ ಬರೆದಿಟ್ಟುಕೊಳ್ಳುತ್ತೇನೆ. ‘ಮೊದಲ ಮ್ಯಾಪ್ ಮಾಡಿದವಳು ನಾನು. ನೂರ ಹದಿನೇಳನೇ ಸಾಲಿನಲ್ಲಿ ತಪ್ಪು ನಂಬರ್ ಕೊಟ್ಟವಳೂ ನಾನೇ.’