ಒಂದೇ ಗುಟುಕಿನ ಗುಳಿಗೆಗಳು

ಜೂನ್ 9, ಸೋಮವಾರ
ಎದ್ದೆ. ಥೈರಾಯ್ಡ್ ಗುಳಿಗೆ, ಕಬ್ಬಿಣದ್ದು, ಕ್ಯಾಲ್ಸಿಯಂ — ಮೂರೂ ಒಂದೇ ಗುಟುಕಿಗೆ. ಸ್ನಾನ ಮಾಡಿ ಮಡಿ ಉಟ್ಟ ಮೇಲೆ ಗುಳಿಗೆ ಮುಟ್ಟುವಂತಿಲ್ಲ, ಅತ್ತೆಯವರ ಕಾಯಿದೆ. ಅಡುಗೆ, ನೈವೇದ್ಯ, ಬಾಲಾನಗರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಬಸ್ಸು.
ಸೋಲ್ಡರಿಂಗ್ ಟೇಬಲ್ಲಿನಲ್ಲಿ ಮತ್ತೆ ಬೆರಳು ಜೋಮು. ನಾನು ಬೆಸೆದ ಎರಡು ಸರ್ಕ್ಯೂಟ್ ಬೋರ್ಡು ವಾಪಸ್ಸು ಬಂದವು. ಸೂಪರ್‌ವೈಸರ್ ಸುಬ್ಬರಾಯ ಮೆಲ್ಲಗೆ ಹೇಳಿದರು — ಸೆಪ್ಟೆಂಬರಿನ ಬೆಸುಗೆ ಟೆಸ್ಟ್ ಪಾಸಾಗದಿದ್ದರೆ ಪ್ಯಾಕಿಂಗಿಗೆ. ಇಷ್ಟು ವರ್ಷ ಸೂಜಿಮೊನೆಯ ಕೆಲಸ ಮಾಡಿದವಳು ರಟ್ಟಿನ ಡಬ್ಬಿಗೆ ಟೇಪು ಹಚ್ಚಬೇಕೆ? ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಜೂನ್ 12, ಗುರುವಾರ
ಪೂಜೆಗೆ ಗೆಜ್ಜೆವಸ್ತ್ರ ಮಾಡಲು ಕುಳಿತೆ. ಹತ್ತಿ ಬೆರಳಿಗೆ ತಿಳಿಯಲೇ ಇಲ್ಲ. ಎಳೆ ದಪ್ಪ, ಗಂಟು ಗಂಟು.
"ಇದೇನ್ ಸುಹಾಸಿನಿ, ದೇವರಿಗೆ ಗೆಜ್ಜಿವಸ್ತ್ರ ಮಾಡಾಕತ್ತೀಯೋ, ಗಾದಿಗೆ ಹತ್ತಿ ತುಂಬಾಕತ್ತೀಯೋ?" ಅತ್ತೆ.
ನನ್ನ ಯಜಮಾನರು ನಕ್ಕರು. ನಾನೂ ನಕ್ಕೆ. ಒಳಗೆ ಅಳು.

ಜೂನ್ 21, ಶನಿವಾರ
ಕೊಂಡಾಪುರದ ಡಾಕ್ಟರ್ ಭಕ್ತಿ. ರಾಯಚೂರು ಕಡೆಯವರು. ರಿಪೋರ್ಟು: ಥೈರಾಯ್ಡಿನ ಟಿಎಸ್ಎಚ್ ಇನ್ನೂ ಮೇಲೆ, ಬಿ ಟ್ವೆಲ್ವ್ ಪಾತಾಳ, ಕಬ್ಬಿಣವೂ ಕಮ್ಮಿ.
"ಗುಳಗಿ ತಪ್ಪಸ್ತೀರೇನ್ರಿ?"
"ಒಂದಿನಾನೂ ಇಲ್ಲ್ರಿ. ಮಡಿಗಿಂತ ಮೊದಲು ಮೂರೂ ಕೂಡೇ ನುಂಗ್ತೀನಿ."
ಅವರು ಪೆನ್ನು ಕೆಳಗಿಟ್ಟರು. "ಅಲ್ಲೇ ತಪ್ಪೈತಿ ನೋಡ್ರಿ. ಕಬ್ಬಿಣ, ಕ್ಯಾಲ್ಸಿಯಂ ಥೈರಾಯ್ಡ್ ಗುಳಗಿನ ಹೊಟ್ಟ್ಯಾಗ ಹಿಡದ ಬಿಡ್ತಾವ. ಮೈಗೆ ಹತ್ತಂಗಿಲ್ಲ."
ಇನ್ನು ಥೈರಾಯ್ಡಿನದು ಬೆಳಿಗ್ಗೆ ಬರೀ ನೀರಿಗೆ. ಕಬ್ಬಿಣ ಮಧ್ಯಾಹ್ನ, ಮೈಗೆ ಹತ್ತಲಿ ಅಂತ ಲಿಂಬೆಯ ಜೊತೆ. ಕ್ಯಾಲ್ಸಿಯಂ ರಾತ್ರಿ. ಬಿ ಟ್ವೆಲ್ವ್‌ಗೆ ಇಂಜೆಕ್ಷನ್. ಜೋಮು ಹೆಚ್ಚಾಗಿ ಅದರ ಕೊರತೆಯಿಂದಲೇ ಅಂತೆ.
ಶಿಸ್ತಿನಿಂದ ನುಂಗಿ ನುಂಗಿ ಕೆಡಿಸಿಕೊಂಡೆ. ಭಾರಿ ಬುದ್ಧಿವಂತೆ ನಾನು.

ಜುಲೈ 4
ಊಟದ ಡಬ್ಬಿಯ ಚೀಲದಲ್ಲಿ ಗುಳಿಗೆ ಕಂಡು ಅತ್ತೆ ದೂರ ಸರಿದರು.
"ನೈವೇದ್ಯದ ಅಡಗಿ ಜೋಡಿ ಗುಳಗಿ?"
"ಬೆರಳು ಸತ್ತಾವ್ರಿ ಅತ್ಯಾ. ಮಧ್ಯಾಹ್ನ ಲಿಂಬಿ ಜೋಡಿ ನುಂಗಬೇಕ್ರಿ, ಇಲ್ಲಾಂದ್ರ ನನ್ನ ಕೆಲಸ ಹೋಗ್ತದ."
ಅತ್ತೆ ದೇವರ ಮನೆಗೆ ಹೋದರು.

ಜುಲೈ 5
ಡಬ್ಬಿಯ ಪಕ್ಕದಲ್ಲಿ ಹೆಚ್ಚಿದ ಅರ್ಧ ಲಿಂಬೆಹಣ್ಣು. ನಾನು ಇಟ್ಟದ್ದಲ್ಲ.

ಆಗಸ್ಟ್ 8, ಶ್ರಾವಣ ಶುಕ್ರವಾರ
ಸೀರೆ ಮಡಿಸುವಾಗ ಸೆರಗಿನ ಜರಿ ಬೆರಳಿಗೆ ಚುಚ್ಚಿತು. ಚುಚ್ಚಿದ್ದು ಗೊತ್ತಾಯಿತು... ಮತ್ತೆ ಮತ್ತೆ ಸವರಿದೆ.

ಸೆಪ್ಟೆಂಬರ್ 19, ಸಂಜೆ
ಪಾಸ್.
ಮೈಕ್ರೋಸ್ಕೋಪಿನ ಕೆಳಗೆ ಬೋರ್ಡು. ತಂತಿಯ ತುದಿ ಬೆರಳಿಗೆ ತಿಳಿಯಿತು. ಒಂದೊಂದು ಜಾಯಿಂಟೂ ಫಳಫಳ. ಸುಬ್ಬರಾಯ ತಪ್ಪು ಹುಡುಕಿ ಹುಡುಕಿ ಸುಸ್ತಾದರು. "ಚಾಲಾ ಬಾಗುಂದಮ್ಮಾ," ಬಹಳ ಚೆನ್ನಾಗಿದೆ ಅಂತ ತಮ್ಮ ತೆಲುಗಿನಲ್ಲಿ ಎಂದರು. ಆ ಬಾಯಿಂದ ಹೊಗಳಿಕೆ ಕೇಳಿದ್ದು ಇದೇ ಮೊದಲು. ನನ್ನ ಕುರ್ಚಿ ನನಗೇ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಒಬ್ಬಳೇ ನಗುತ್ತಾ ಬಂದೆ.

ಸೆಪ್ಟೆಂಬರ್ 21, ಭಾನುವಾರ
ನಾಳೆ ನವರಾತ್ರಿ. ಗೆಜ್ಜೆವಸ್ತ್ರ ಮಾಡಿದೆ. ಎಳೆ ತೆಳ್ಳಗೆ, ಸಮ. ಅತ್ತೆ ಬೆಳಕಿಗೆ ಹಿಡಿದು ನೋಡಿದರು. ಗಾದಿಯ ಮಾತು ಬರಲಿಲ್ಲ. ತಮ್ಮ ಬೆರಳು ತಿಕ್ಕಿಕೊಳ್ಳುತ್ತಾ ಕೂತರು.
"ಸುಹಾಸಿನಿ... ನನ್ನ ಬೆರಳೂ ಭಾಳ ದಿನದಿಂದ ಜೋಮ್ ಹಿಡಿತಾವ. ಆ ಡಾಕ್ಟರು ನಾಳೆ ಇರ್ತಾರೇನು?"
"ನಾಳೆ ದೇವಿ ಘಟ ಹಾಕೋದು ಅದ ಅಲ್ರೀ ಅತ್ಯಾ. ಮಡಿ?"
"ಪೂಜಿ ಮುಗಿಸಿ ಹೋಗೂಣಂತ."
ಈಗ ಅತ್ತೆ ಒಳಗಿನಿಂದ ಕೂಗುತ್ತಿದ್ದಾರೆ, ಹೋಗುವಾಗ ಚೀಲದಲ್ಲಿ ಲಿಂಬೆಹಣ್ಣು ಇಟ್ಟುಕೊಳ್ಳಲೇ ಅಂತ. ಮೊದಲು ರಕ್ತ ಪರೀಕ್ಷೆ, ಲಿಂಬೆ ಆಮೇಲೆ ಅಂತ ಹೇಳಿ ಬರುತ್ತೇನೆ.